ಆರ್ಯವರ್ಧನನ ಮುಖ

ಸಂಜೆ ಕಿನ್ನಿಗೋಳಿಯ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಮತ್ತೆ ಅದೇ ಚರ್ಚೆ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಬೀಡಿ ಎಲೆ. ಕತ್ತರಿಯೂ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ.

‘ಜೊತೆ ಜೊತೆಯಲಿ’ ಧಾರಾವಾಹಿ ಮುಗಿದದ್ದು 2023ರಲ್ಲಿ. 2022ರಲ್ಲಿ ಅದರ ನಾಯಕ ಆರ್ಯವರ್ಧನನ ಪಾತ್ರಕ್ಕೆ ನಟ ಅನಿರುದ್ಧ್ ಹೋಗಿ ಹರೀಶ್ ರಾಜ್ ಬಂದದ್ದನ್ನು ಪಕ್ಕದ ಮನೆಯ ಅಕ್ಕ ಇನ್ನೂ ಒಪ್ಪಿಲ್ಲ.

“ಅಪಘಾತ, ಶಸ್ತ್ರಚಿಕಿತ್ಸೆ, ಆಮೇಲೆ ಬೇರೆ ಮುಖ! ನಾವು ನಂಬಬೇಕೇ?” ಬೀಡಿಯ ತುದಿ ಮಡಚಿ, ನೂಲು ಸುತ್ತಿ, ಪಟ್ಟನೆ ಎಳೆದರು.

“ಬಂದವರು ಏನು ತಪ್ಪು ಮಾಡಿದ್ದಾರೆ ಮಾರಾಯ್ತಿ?” ಎಂದರು ಚಿಕ್ಕಮ್ಮ.

ಇದೇ ಹೆಂಗಸರು ಕಟೀಲು ಮೇಳದ ಯಕ್ಷಗಾನ ಆಟಕ್ಕೆ ಬೆಳಗಿನವರೆಗೆ ಕುಳಿತವರು. ಅಲ್ಲಿ ಒಂದೇ ರಾತ್ರಿ ಒಂದೇ ಪಾತ್ರಕ್ಕೆ ಇಬ್ಬರು ಕಲಾವಿದರು ಬಂದರೂ ತಕರಾರಿಲ್ಲ. ಕಿರೀಟ, ಬಣ್ಣ, ಭಾಗವತರ ಪದ ಎಲ್ಲವೂ ಸೇರಿ ಪಾತ್ರವನ್ನು ಹೊರುತ್ತವೆ. ಧಾರಾವಾಹಿಯಲ್ಲಿ ಹಾಗಲ್ಲ. ಅಲ್ಲಿ ಪಾತ್ರವೆಂದರೆ ಮುಖವೇ. ವಾರಕ್ಕೆ ಐದು ರಾತ್ರಿ, ಊಟದ ಹೊತ್ತಿಗೆ, ಅಷ್ಟು ಹತ್ತಿರದಿಂದ ಕಂಡ ಮುಖ.

ನನಗೆ ಅಕ್ಕನ ಸಿಟ್ಟು ನ್ಯಾಯವೆನಿಸುತ್ತದೆ. ನಟ ಬದಲಾಗುವುದು ಅನಿವಾರ್ಯವಿರಬಹುದು, ಆದರೆ ಅದಕ್ಕೆ ಕಥೆಯನ್ನು ಬಗ್ಗಿಸುವಾಗ ನೋಡುವವರ ಪ್ರೀತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹರೀಶ್ ರಾಜ್ ಬಗ್ಗೆಯೂ ಮರುಕವಿದೆ. ಇನ್ನೊಬ್ಬರನ್ನು ಹುಡುಕುವ ಕಣ್ಣುಗಳ ಎದುರು ಪ್ರತಿದಿನ ಅಭಿನಯಿಸುವುದು ಸಣ್ಣ ಕೆಲಸವಲ್ಲ.

ನೀವು ಆಗ ನೋಡುವುದನ್ನು ಮುಂದುವರಿಸಿದಿರಾ, ಬಿಟ್ಟಿರಾ? ಹೇಳಿ, ಅಕ್ಕನಿಗೆ ತಿಳಿಸಬೇಕು.