ಆಂಬುಲೆನ್ಸ್ ಬರುವ ಮುಂಚಿನ ನಿಮಿಷಗಳು

ಆಸ್ಪತ್ರೆಯ ಹೊರಗೆ ಒಬ್ಬರ ಹೃದಯ ಹಠಾತ್ತನೆ ನಿಂತಾಗ ಅವರ ಬದುಕು ಬಹುಪಾಲು ಪಕ್ಕದಲ್ಲಿದ್ದವರ ಕೈಯಲ್ಲಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಎದೆ ಒತ್ತುವವರಿಲ್ಲದೆ, ವಿದ್ಯುತ್ ಆಘಾತವೂ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಸುಮಾರು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಎಷ್ಟೇ ವೇಗವಾಗಿ ಬಂದರೂ ಆಂಬುಲೆನ್ಸ್‌ಗೆ ಕೆಲವು ನಿಮಿಷಗಳು ಬೇಕೇ ಬೇಕು.

ನನ್ನನ್ನು ಹೆಚ್ಚು ಕಾಡುವುದು ಈ ಸ್ಥಿತಿಯನ್ನು ಗುರುತಿಸುವ ಕಷ್ಟ. ಕುಸಿದುಬಿದ್ದವರು ಮೊದಲ ಕೆಲವು ನಿಮಿಷ ಬಾಯಿ ತೆರೆದು, ಗೊರಕೆಯಂಥ ಸದ್ದಿನೊಂದಿಗೆ, ಬಿಟ್ಟುಬಿಟ್ಟು ಏದುಸಿರು ಎಳೆಯುವುದುಂಟು. ಆಮ್ಲಜನಕ ಸಿಗದ ಮಿದುಳುಕಾಂಡದ ಈ ಪ್ರತಿಕ್ರಿಯೆಯನ್ನು ಉಸಿರಾಟವೆಂದೇ ತಿಳಿದು ನೋಡುವವರು ಸಮಾಧಾನಪಟ್ಟುಕೊಂಡು ಕಾಯುತ್ತಾರೆ, ಅಷ್ಟರಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಆದ್ದರಿಂದಲೇ ತುರ್ತು ಕರೆ ಸ್ವೀಕರಿಸುವ ತರಬೇತಾದ ಸಿಬ್ಬಂದಿ, ಪ್ರಜ್ಞೆ ಇದೆಯೇ, ಉಸಿರಾಟ ಸಹಜವಾಗಿದೆಯೇ ಎಂದು ಮೊದಲು ಕೇಳುತ್ತಾರೆ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಫೋನಿನಲ್ಲೇ ಸಿಪಿಆರ್, ಅಂದರೆ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ವಿಧಾನವನ್ನು ಹೇಳಿಕೊಡುತ್ತಾರೆ.

ವಯಸ್ಕರಾದರೆ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಪಕ್ಕೆಲುಬು ಮುರಿದೀತೆಂಬ ಅಂಜಿಕೆ ಸಹಜವೇ, ಮುರಿಯುವುದೂ ಉಂಟು. ಆದರೆ ಮುರಿದ ಎಲುಬು ಕೂಡಿಕೊಳ್ಳುತ್ತದೆ. ಇನ್ನೊಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಸರದಿ ಬದಲಿಸುವುದು ಒಳ್ಳೆಯದು, ಏಕೆಂದರೆ ದಣಿದ ಕೈಗಳು ಅರಿವಿಲ್ಲದೆಯೇ ಮೇಲುಮೇಲೆ ಒತ್ತತೊಡಗುತ್ತವೆ. ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಯಂತ್ರ ಸಿಕ್ಕರೆ ಕೂಡಲೇ ಆನ್ ಮಾಡಿ, ಅದು ಹೇಳಿದಂತೆ ನಡೆಯಬೇಕು; ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಅದು ಆಘಾತ ನೀಡುತ್ತದೆ.