ಎಪ್ಪತ್ತೆರಡು ತಾಸು

2024 ಜುಲೈ 12, ಶುಕ್ರವಾರ
ಡೊಂಬಿವಲಿ

ಲಿಗ್ನೈಟ್ ಕಾಸಿ ತೈಲ ಬಿಡಿಸುವ ನಮ್ಮ ಪ್ರಯೋಗದ ರಿಯಾಕ್ಟರ್, ಅಂದರೆ ಬಿಗಿ ಮುಚ್ಚಳದ ಉಕ್ಕಿನ ಪಾತ್ರೆ, ನಿನ್ನೆ ಸಂಜೆಯಿಂದ 330 ಡಿಗ್ರಿಯಲ್ಲಿ ನಿಂತಿದೆ. ರವಿವಾರ ಸಂಜೆಗೆ 72 ತಾಸು ತುಂಬುತ್ತದೆ. ಅಲ್ಲಿವರೆಗೆ ನನಗೇನೂ ಕೆಲಸವಿಲ್ಲ, ಆದರೂ ಮನಸ್ಸು ಪೊವಾಯಿಯ ಲ್ಯಾಬಿನಲ್ಲೇ ಇದೆ. ಒಳಗಿರುವುದು ಸೂರತ್ ಕಡೆಯ ವಸ್ತಾನ್ ಗಣಿಯ ಲಿಗ್ನೈಟ್ (ಇನ್ನೂ ಪೂರ್ತಿ ಮಾಗದ ಕಂದು ಕಲ್ಲಿದ್ದಲು) ಚೂರು, ಅದು ಮುಳುಗುವಷ್ಟು ನೀರು, ಮೇಲೆ ಹೀಲಿಯಂ. ನೀರು ಅಳೆಯುವಾಗ ಪ್ರತಿ ಸಲ ಕೈ ತಡೆಯುತ್ತದೆ. ಆ ಶಾಖಕ್ಕೆ ನೀರು ಹಿಗ್ಗಿ ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. ಮೇಲೆ ಸಾಕಷ್ಟು ಜಾಗ ಬಿಡದಿದ್ದರೆ ಉಕ್ಕಿನ ಪಾತ್ರೆಯೂ ತಾಳಲಾರದು. ಬಿಟ್ಟರೂ ಆವಿಯ ಒತ್ತಡವೇ 125 ಬಾರ್ ದಾಟುತ್ತದೆ, ಲಿಗ್ನೈಟ್ ಬಿಡುವ ಗ್ಯಾಸಿನದು ಬೇರೆ. ಒಂಬತ್ತಕ್ಕೆ ಲ್ಯಾಬಿನ ಹುಡುಗ ಗೇಜಿನ ಫೋಟೋ ಕಳಿಸಿದ. ಮುಳ್ಳು ಇರಬೇಕಾದಲ್ಲೇ ಇದೆ.

ಮಳೆ, ಲೋಕಲ್, ನೂಕುನುಗ್ಗಲು ಎಲ್ಲ ದಿನಾ ಇದ್ದದ್ದೇ. ಬರೆದಿಡಬೇಕಾದ್ದು ಕಾಕಾನ ಮಾತು.

ಊಟವಾದ ಮೇಲೆ ಚೀಲದಲ್ಲಿದ್ದ ಲಿಗ್ನೈಟ್ ತುಂಡೊಂದನ್ನು ಅವರ ಕೈಗೆ ಕೊಟ್ಟೆ. ಹುಬ್ಬಳ್ಳಿ ಶೆಡ್ಡಿನಲ್ಲಿ ಸ್ಟೀಮ್ ಇಂಜಿನ್ನಿನ ಫೈರ್‌ಮನ್ ಆಗಿದ್ದವರು. ಉಗುರಿನಿಂದ ಕೆರೆದರು, ಮೂಸಿದರು, ದೀಪಕ್ಕೆ ಹಿಡಿದು ತಿರುಗಿಸಿದರು.

"ಇದು ಕಲ್ಲಿದ್ದಲ ಅಲ್ಲವಾ, ಇನ್ನೂ ಕಟಗಿ ಐತಿ. ಎಳಿ ಕಾಣ್ತಾವ ನೋಡು."

ಸೂಕ್ಷ್ಮದರ್ಶಕದ ಕೆಳಗೆ ನಾವು ದಿನಗಟ್ಟಲೆ ನೋಡಿ ಹೇಳುವುದೂ ಇದನ್ನೇ. ಇದರ ವಿಟ್ರಿನೈಟ್, ಅಂದರೆ ಕಟ್ಟಿಗೆಯಿಂದಾದ ಅಂಶದ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 0.4ರಷ್ಟೂ ತಿರುಗಿ ಬರುವುದಿಲ್ಲ. ತೈಲ ಹುಟ್ಟುವ ಹದ ಅಂದರೆ ಹೆಚ್ಚುಕಡಿಮೆ 0.6ರಿಂದ 1.3.

"ಮತ್ತ ಇದನ್ನ ಕಾಸಿ ಏನ ಮಾಡ್ತಿ?"

ಹೇಳಿದೆ. ಭೂಮಿಯೊಳಗೆ ಇಂಥ ಪದರ 100, 120 ಡಿಗ್ರಿಯಲ್ಲಿ ಲಕ್ಷಾಂತರ ವರ್ಷ ಕಾದು ತೈಲ, ಗ್ಯಾಸು ಬಿಡುತ್ತದೆ. ನಮಗೆ ಅಷ್ಟು ಕಾಲ ಇಲ್ಲ, ಅದಕ್ಕೆ ಶಾಖ ಏರಿಸುತ್ತೇವೆ.

ಕಾಕಾ ಸುಮ್ಮನೆ ಕೇಳಿದರು. ಆಮೇಲೆ, "ಸಣ್ಣ ಉರಿಯಾಗ ಆಗಿದ್ದೂ ದೊಡ್ಡ ಉರಿ ಇಟ್ಟು ಬ್ಯಾಗ ಮಾಡಿದ್ದೂ ಒಂದ ಅಂತಿ ಏನು? ಪೇಡೇಕ್ಕ ಖವಾ ಹಂಗ ಕಾಸಿ ನೋಡು, ಹೊತ್ತಿ ಹೋಗತೈತಿ."

ಈ ಪ್ರಶ್ನೆಯೇ ನನ್ನನ್ನು ತಿನ್ನುತ್ತಿರುವುದು. ಕೆರೋಜನ್ ಅಂದರೆ ತೈಲ ಬಿಡುವ, ಬಂಡೆಯೊಳಗಿನ ಜೈವಿಕ ವಸ್ತು. ಅದರ ಒಂದೊಂದು ಬಂಧ ಮುರಿಯಲು ಒಂದೊಂದು ಪ್ರಮಾಣದ ಶಕ್ತಿ ಬೇಕು. ಶಾಖ ಏರಿಸಿದರೆ ಎಲ್ಲವೂ ಒಂದೇ ಸಮ ವೇಗ ಪಡೆಯುವುದಿಲ್ಲ. ಹೆಚ್ಚು ಶಕ್ತಿ ಬೇಡುವ ಕ್ರಿಯೆಗಳೇ ಹೆಚ್ಚು ಚುರುಕಾಗುತ್ತವೆ. ಪ್ರತಿ 10 ಡಿಗ್ರಿಗೆ ವೇಗ ಇಮ್ಮಡಿ ಎಂದು 1971ರಲ್ಲಿ ಭೂವಿಜ್ಞಾನಿ ಲೋಪಾಟಿನ್ ಹಾಕಿದ ಲೆಕ್ಕವನ್ನು ನೆಲದಡಿಯ ಶಾಖದಿಂದ 330ರವರೆಗೆ ಎಳೆಯಲಾಗದು. ಹಾಗಾಗಿ ಎರಡೂ ಒಂದೇ ಅಲ್ಲ. ಎಷ್ಟು ಹತ್ತಿರ ತರಬಹುದು ಅನ್ನುವುದೇ ನಮ್ಮ ಕೆಲಸ.

ನೀರು ಹಾಕುವುದು ಅದಕ್ಕೇ. ನೀರಿಲ್ಲದೆ ಕಾಸಿದರೆ ಆಲ್ಕೀನುಗಳು (ಹೈಡ್ರೋಜನ್ ಕೊರತೆಯ ಹೈಡ್ರೋಕಾರ್ಬನ್‌ಗಳು) ತುಂಬಿಕೊಳ್ಳುತ್ತವೆ, ಬಾವಿಯಿಂದ ಬರುವ ತೈಲದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. 1979ರಲ್ಲಿ ಭೂರಸಾಯನಶಾಸ್ತ್ರಜ್ಞ ಲೆವಾನ್ ಮತ್ತು ಜೊತೆಯವರು ಶೇಲ್ ಕಲ್ಲನ್ನು ನೀರಿನಲ್ಲೇ ಕಾಸಿದಾಗ ನಿಜವಾದ ಕಚ್ಚಾ ತೈಲವನ್ನು ಹೋಲುವಂಥದ್ದು ಹೊರಬಂತು. ನೀರಿನ ಹೈಡ್ರೋಜನ್ ತೈಲದೊಳಗೆ ಸೇರುತ್ತದೆ ಎಂದು ಭಾರಜಲ (ಗುರುತು ಹಿಡಿಯಬಲ್ಲ ಭಾರದ ಹೈಡ್ರೋಜನ್ ಇರುವ ನೀರು) ಹಾಕಿದ ಪ್ರಯೋಗಗಳು ಆಮೇಲೆ ತೋರಿಸಿದವು. ಬಂಡೆಯ ಚೂರನ್ನು ನೀರಿಲ್ಲದೆ ಕಾಸಿ ಅಳೆಯುವ ರಾಕ್-ಎವಲ್ ಯಂತ್ರದಲ್ಲಿ ನಿಮಿಷಕ್ಕೆ 25 ಡಿಗ್ರಿಯಂತೆ ಓಡಿಸಿ ಅರ್ಧ ತಾಸಿನಲ್ಲಿ ಟಿಮ್ಯಾಕ್ಸ್, ಅಂದರೆ ಹೈಡ್ರೋಕಾರ್ಬನ್ ಅತಿ ಹೆಚ್ಚು ಹೊರಬರುವ ಶಾಖ, ಬರೆದುಕೊಳ್ಳಬಹುದು, ಬಂಡೆಗಳನ್ನು ಸಾಲಾಗಿ ನಿಲ್ಲಿಸಿ ಹೋಲಿಸಲು ಅದು ಸಾಕು. ತೈಲ ಹೇಗೆ ಹುಟ್ಟಿತು ಅನ್ನುವುದಕ್ಕೆ ಸಾಲದು ಅಂತ ನನಗೆ ಖಾತ್ರಿ.

ಕಾಕಾನಿಗೆ ನೀರಿನ ಮಾತು ಹಿಡಿಸಿತು. ಇಂಜಿನ್ನಿನ ಹಿಂದಿನ ಟೆಂಡರ್ ಬಂಡಿಯ ಕಲ್ಲಿದ್ದಲಿಗೆ ಧೂಳು ಏಳದ ಹಾಗೆ ನೀರು ಹೊಡೆಯುತ್ತಿದ್ದುದನ್ನು ಹೇಳುತ್ತ ಹೇಳುತ್ತ ತಟ್ಟನೆ ನಿಲ್ಲಿಸಿ, "ಇದೇನಿದು?" ಅಂದರು. ತುಂಡಿನ ಮಗ್ಗುಲಲ್ಲಿ ಜೋಳದ ಕಾಳಿಗಿಂತ ಸಣ್ಣ, ಜೇನಿನ ಬಣ್ಣದ ಹನಿ. ಅಂಬರ್. ಸುಮಾರು 5 ಕೋಟಿ ವರ್ಷದ ಹಿಂದಿನ ಮರದ ರಾಳ, ನಮ್ಮ ಘಟ್ಟದ ಧೂಪದ ಮರದ ಕುಟುಂಬದ್ದೇ. ಕಾಕಾ ಸೂಜಿಯಿಂದ ಒಂದು ಚೂರು ಕಿತ್ತು, ದೇವರ ಮುಂದಿನ ಧೂಪದ ಕೆಂಡದ ಮೇಲಿಟ್ಟರು. ಎಳೆ ಹೊಗೆ ಎದ್ದಿತು. ಕಾಕು ಅಡುಗೆಮನೆಯಿಂದಲೇ "ಈಗ್ಯಾಕ ಮತ್ತ ಧೂಪಾ ಹಾಕಿದ್ರಿ?" ಅಂದರು. ನನಗೆ ಮೈ ಜುಮ್ಮೆಂದಿತು.

ಈಗ ಹನ್ನೊಂದೂವರೆ. ನಿದ್ದೆ ಇಲ್ಲ. ರಾಳದಲ್ಲಿ ಹೈಡ್ರೋಜನ್ ಮರದ ಅಂಶಕ್ಕಿಂತ ಎಷ್ಟೋ ಹೆಚ್ಚು. ರವಿವಾರ ಮುಚ್ಚಳ ತೆಗೆದಾಗ ನೀರಿನ ಮೇಲೆ ತೇಲುವ ತೈಲದಲ್ಲಿ ಕಟ್ಟಿಗೆಯ ಪಾಲೆಷ್ಟು, ಈ ಹನಿಗಳ ಪಾಲೆಷ್ಟು? ಎರಡನ್ನೂ ಬೇರೆಬೇರೆಯಾಗಿಯೇ ಕಾಸಬೇಕು. ಮೇಡಂ ಒಪ್ಪಿದರೆ ಚಿನ್ನದ ನಳಿಗೆಯಲ್ಲಿ, ಕೆಲವೇ ಮಿಲಿಗ್ರಾಂ ಸಾಕು, 300, 330, 350. ನೀರು ಹಾಕಿ ಒಂದು ಸಾಲು, ಹಾಕದೆ ಒಂದು ಸಾಲು. ರಾಳ ಹೆಕ್ಕಲು ದಟ್ಟ ಉಪ್ಪುನೀರು ಆದೀತು, ರಾಳ ತೇಲುತ್ತದೆ, ಲಿಗ್ನೈಟ್ ಬಹುಪಾಲು ಮುಳುಗುತ್ತದೆ. ಆಮೇಲೆ ಎಷ್ಟು ತೊಳೆದರೂ ಉಪ್ಪು ಸ್ವಲ್ಪ ಉಳಿದರೆ ನಳಿಗೆಯೊಳಗೆ ಅದು ಏನು ಮಾಡೀತು?