ಚಾರ್ಜ್‌ಶೀಟ್ ಅಂದರೆ ತೀರ್ಪಲ್ಲ

ಯಾರ ಮೇಲಾದರೂ ಚಾರ್ಜ್‌ಶೀಟ್ ಹಾಕಿದರು ಅಂದ ಕೂಡಲೇ ಊರಲ್ಲಿ ತೀರ್ಪೇ ಬಂದ ಹಾಗೆ ಮಾತಾಡುತ್ತಾರೆ. ಅದು ತನಿಖೆ ಮುಗಿಸಿ ಪೊಲೀಸರು ಹೇಳುವ ಮಾತು, ಅಷ್ಟೇ. ಆಧಾರ ಇಲ್ಲ ಅನಿಸಿದರೆ ನ್ಯಾಯಾಧೀಶರು ಅಲ್ಲೇ ಬಿಡುಗಡೆ ಮಾಡಬಹುದು. ಇದ್ದರೆ ಆರೋಪ ನಿಗದಿ ಮಾಡಿ, ಆರೋಪಿಗೆ ಓದಿ ಹೇಳಿ, ವಿವರಿಸಿ, ತಪ್ಪು ಒಪ್ಪಿಕೊಳ್ಳುತ್ತೀರಾ ಇಲ್ಲ ವಿಚಾರಣೆ ಬೇಕಾ ಅಂತ ಕೇಳಬೇಕು.

ಆ ‘ವಿವರಿಸಿ’ ಅನ್ನುವುದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ ನನಗೆ. ಇವತ್ತು ಕೋರ್ಟಿನಲ್ಲಿ ವಯಸ್ಸಾದವರೊಬ್ಬರು ಕೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸುತ್ತಿದ್ದರು. ನೋಡಿ ತುಂಬಾ ಸಂಕಟವಾಯಿತು. ‘ಅರ್ಥ ಆಗಲಿಲ್ಲ ಸ್ವಾಮಿ, ಇನ್ನೊಮ್ಮೆ ಹೇಳಿ’ ಅಂತ ಕೇಳುವ ಹಕ್ಕು ಅವರಿಗಿದೆ, ಅಲ್ವಾ? ಭಯದಲ್ಲಿ ಯಾರಿಗೆ ಬಾಯಿ ಬರುತ್ತದೆ.

ಬಂಧಿಸಿದರೆ ಕಾರಣ ಹೇಳಲೇಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಯಾರೂ ಕೈಚೆಲ್ಲಿ ಕೂರಬೇಡಿ. ಕಸ್ಟಡಿಯಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲ 15100ಕ್ಕೆ ಫೋನ್ ಮಾಡಿ.